ಬದನೆಕಾಯಿಯೊಳಗಿನ ಸಾಕ್ಷಿ

ಸಂತೆಯಲ್ಲಿ ರೈತ ಚೆನ್ನವೀರಪ್ಪನ ರಾಶಿಯೊಳಗೆ ತೂತು ಬಿದ್ದ ಬದನೆಕಾಯಿಯೊಂದು ನಾಚಿಕೊಂಡು ಕೂತಿತ್ತು. ಒಳಗಿದ್ದ ಹುಳು ಹೇಳಿತು: "ತಲೆ ತಗ್ಗಿಸಬೇಡ. ಚೆನ್ನವೀರಪ್ಪ ಈ ಸಲ ಗಿಡಕ್ಕೆ ಔಷಧಿ ಹೊಡೆದಿಲ್ಲ. ಅದಕ್ಕೆ ನಾನೇ ಸಾಕ್ಷಿ."

ಅಷ್ಟರಲ್ಲಿ ಒಬ್ಬ ಹೆಂಗಸು ಬಂದು, "ಔಷಧಿ ಹೊಡೆದಿಲ್ಲ ತಾನೆ? ನೀವು ರೈತರು ಊರಿಗೆಲ್ಲ ವಿಷ ತಿನ್ನಿಸ್ತೀರಿ" ಎಂದಳು.

"ಇಲ್ರೀ ಅಕ್ಕಾ, ಒಂದು ಹನಿಯೂ ಇಲ್ಲ" ಎಂದ ಚೆನ್ನವೀರಪ್ಪ.

ಹುಳು ಹಿಗ್ಗಿ, ಸಾಕ್ಷಿ ನುಡಿಯಲು ತೂತಿನಿಂದ ತಲೆ ಹೊರಹಾಕಿತು.

"ಥೂ!" ಎಂದು ಆಕೆ ಕಾಯಿಯನ್ನು ಬಿಸಾಡಿ, ಪಕ್ಕದವನ ರಾಶಿಯಲ್ಲಿ ಔಷಧಿ ಕುಡಿದು ಮಿರಮಿರ ಮಿಂಚುತ್ತಿದ್ದ ಕಾಯಿಗಳನ್ನು ಆರಿಸಿ ಆರಿಸಿ ಚೀಲಕ್ಕೆ ತುಂಬಿಕೊಂಡಳು.

ಮರುದಿನ ಚೆನ್ನವೀರಪ್ಪ ಔಷಧಿ ಹೊಡೆಯುವ ಪಂಪನ್ನು ಅಟ್ಟದಿಂದ ಇಳಿಸಿದ.

"ಮತ್ತೆ ನನ್ನನ್ನು ಕರೆಸಿದ್ದು ಯಾರು?" ಎಂದು ಪಂಪು ಕೇಳಿತು.

"ವಿಷ ಬೇಡ ಅಂದವರೇ" ಎಂದ ಚೆನ್ನವೀರಪ್ಪ.