ಬಳೆಗಾರ ಕೊಡದ ಅಳತೆ

"ಗುರುಗಳೇ, ಬಸುರಿಯ ಬಯಕೆಗೆ ಇಲ್ಲ ಎನ್ನಬಾರದು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅವಳು ಬಯಸುವುದೇ ಅವಳಿಗೆ ಆಗದ ತಿಂಡಿಯಾದರೆ ಏನು ಮಾಡುವುದು?" ಎಂದು ಮರಿಸ್ವಾಮಿ ಕೇಳಿದ. ಅವನ ಹೆಂಡತಿಗೆ ಆಗ ಏಳನೆಯ ತಿಂಗಳು. ಅನ್ನದ ವಾಸನೆ ಬಂದರೆ ಅವಳಿಗೆ ಓಕರಿಕೆ. ಪೊಟ್ಟಣದ ಕುರುಕಲು ಮಾತ್ರ ಸೇರುತ್ತಿತ್ತು.

ಗುರುಗಳು ಹೇಳಿದರು: "ನನಗೆ ಕತೆ ಹೇಳುವುದು ಸರಿಯಾಗಿ ಬರುವುದಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ವಿವರಿಸುತ್ತಾ ಹೋಗುತ್ತೇನೆ. ತಪ್ಪು ತಿಳಿಯದೆ ಕೇಳು."

ಒಬ್ಬ ವ್ಯಾಪಾರಿ ಇದ್ದ. ಅವನ ಅಂಗಡಿಯಲ್ಲಿ ಮಾರುತ್ತಿದ್ದುದು ಚಿಪ್ಸು, ಬಿಸ್ಕತ್ತು, ನೂಡಲ್ಸು, ಬಣ್ಣದ ಪಾನೀಯ. ಮದುವೆಯಾಗಿ ಆರು ವರ್ಷದ ಮೇಲೆ ಅವನ ಸೊಸೆ ಬಸುರಿಯಾದಳು. ವ್ಯಾಪಾರಿ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಕತೆ ಬೇರೆಯಾಗುತ್ತದೆ. ಸೊಸೆ ಕೇಳಿದ್ದನ್ನು, ಕೇಳಿದಷ್ಟು, ಪ್ರೀತಿಯಿಂದಲೇ ತಂದುಕೊಟ್ಟ. ಸೊಸೆ ಮುದ್ದೆ ಬಿಟ್ಟಳು, ಸೊಪ್ಪು ಬಿಟ್ಟಳು, ಹಾಲು ಬಿಟ್ಟಳು. ಅವಳ ಹೊಟ್ಟೆ ಹೇಗೂ ತುಂಬಿರುತ್ತಿತ್ತು. ಹಾಗಾಗಿ ಯಾರೂ ಅದನ್ನು ಗಮನಿಸಲಿಲ್ಲ.

ಏಳನೆಯ ತಿಂಗಳಲ್ಲಿ ಬಳೆ ತೊಡಿಸುವ ಶಾಸ್ತ್ರಕ್ಕೆ ಬಳೆಗಾರ ಬಂದ. ಮದುವೆಯಲ್ಲಿ ಅವಳಿಗೆ ಬಳೆ ತೊಡಿಸಿದವನೂ ಅವನೇ. ಅಂದಿನ ಅಳತೆಯ ಬಳೆ ಈಗ ಬೆರಳ ಗಿಣ್ಣು ದಾಟಲಿಲ್ಲ.

"ಮೈ ತುಂಬಿಕೊಂಡಿದ್ದಾಳೆ ಕಣಯ್ಯ. ನಿನ್ನ ಹಳೇ ಅಳತೆ ಗಂಟು ಕಟ್ಟು," ಎಂದಳು ಅತ್ತೆ. ಸೇರಿದ್ದ ಹೆಂಗಸರು ನಕ್ಕರು.

ಬಳೆಗಾರ ನಗಲಿಲ್ಲ. ಸೊಸೆಯ ಕೈಯ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಒತ್ತಿದ. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ದಪ್ಪಗಾದ ಕೈಯಲ್ಲಿ ಗುಳಿ ನಿಲ್ಲುವುದಿಲ್ಲ. ನೀರು ತುಂಬಿದ ಕೈಯಲ್ಲಿ ನಿಲ್ಲುತ್ತದೆ. ಸಾವಿರಾರು ಕೈ ಹಿಡಿದವನಿಗೆ ಇದು ತಿಳಿದಿತ್ತು.

"ತಲೆ ನೋಯುತ್ತೇನು ತಾಯಿ?" ಎಂದು ಮೆಲ್ಲಗೆ ಕೇಳಿದ.

"ಮೂರು ದಿನದಿಂದ. ಕಣ್ಣೂ ಮಂಜು ಮಂಜು," ಎಂದಳು ಅವಳು.

"ದೊಡ್ಡದು ಹಾಕಯ್ಯ, ಹೊತ್ತು ಮೀರುತ್ತೆ," ಎಂದ ವ್ಯಾಪಾರಿ.

"ಆ ಅಳತೆ ನನ್ನ ಹತ್ತಿರ ಇಲ್ಲ, ಯಜಮಾನರೇ."

"ಕಣ್ಣೆದುರಿಗೇ ಇದೆಯಲ್ಲ."

"ಇದೆ. ಈ ಕೈಗೆ ಇಲ್ಲ. ಇದು ಊತ. ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ."

ಶುಭದ ಹೊತ್ತಿನಲ್ಲಿ ಅಪಶಕುನ ನುಡಿದನೆಂದು ಅತ್ತೆ ಬೈದಳು. ಬಳೆಗಾರ ತನ್ನ ಸರಕು ಕಟ್ಟಿಕೊಂಡು ಎದ್ದೇಬಿಟ್ಟ. ಸುತ್ತಲ ಊರಿಗೆಲ್ಲ ಬಳೆಗಾರ ಅವನೊಬ್ಬನೇ, ಬಳೆಯಿಲ್ಲದೆ ಶಾಸ್ತ್ರ ಮುಂದೆ ಸಾಗದು. ಬೇರೆ ದಾರಿ ಕಾಣದೆ ಅವರು ಆಸ್ಪತ್ರೆಗೆ ಹೋದರು. ನಂಬಿ ಹೋದದ್ದಲ್ಲ, ಇದನ್ನೂ ಹೇಳಬೇಕು.

ಸೊಸೆಯ ರಕ್ತದೊತ್ತಡ ವಿಪರೀತ ಏರಿತ್ತು. ಅಂದೇ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಒಂದೂಕಾಲು ಕಿಲೋ ತೂಕ. ತಾಯಿ ಉಳಿದಳು. ಮಗು ಉಳಿಯುತ್ತದೋ ಇಲ್ಲವೋ ಎಂದು ಒಂದು ತಿಂಗಳು ಗಾಜಿನ ಪೆಟ್ಟಿಗೆಯ ಮುಂದೆ ಕಾದರು. ಉಳಿಯಿತು.

"ಅವಳು ಕೇಳಿದ್ದಕ್ಕೆ ಒಂದು ದಿನವೂ ನಾನು ಇಲ್ಲ ಎನ್ನಲಿಲ್ಲ," ಎಂದು ವ್ಯಾಪಾರಿ ಡಾಕ್ಟರ ಮುಂದೆ ಅತ್ತ.

ಡಾಕ್ಟರು ಹೇಳಿದರು: "ಅದೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಅವರ ಊಟದಲ್ಲಿ ಉಪ್ಪು, ಸಕ್ಕರೆ, ಎಣ್ಣೆ ಬಿಟ್ಟರೆ ಏನಿತ್ತು? ತಿಂಗಳು ತಿಂಗಳು ತೋರಿಸಿದ್ದರೆ ಇಷ್ಟಕ್ಕೆ ಬರುತ್ತಿರಲಿಲ್ಲ."

ಗುರುಗಳು ಕತೆ ಮುಗಿಸಿದರೂ ಮಾತು ಮುಗಿಸಲಿಲ್ಲ. "ಪೊಟ್ಟಣದಲ್ಲಿ ಇರುವುದೆಲ್ಲ ವಿಷ ಎಂದು ನಾನು ಹೇಳುತ್ತಿಲ್ಲ. ಎಂದೋ ಒಂದು ದಿನ ತಿಂದರೆ ತೊಂದರೆಯಿಲ್ಲ. ಅದು ಊಟದ ಜಾಗದಲ್ಲಿ ಬಂದು ಕೂತರೆ ಕಷ್ಟ. ಮಗುವಿಗೆ ಬೇರೆ ತಟ್ಟೆಯಿಲ್ಲ. ತಾಯಿಯ ತಟ್ಟೆಯಲ್ಲಿ ಇಲ್ಲದ್ದನ್ನು ಅದು ತಾಯಿಯ ಮೈಯಿಂದಲೇ ತೆಗೆದುಕೊಳ್ಳಬೇಕು. ಅಲ್ಲಿಯೂ ಇಲ್ಲದಿದ್ದರೆ ಇಲ್ಲ. ಇನ್ನು ಬಯಕೆ ಎಂದರೆ ಏನು ಎಂಬುದನ್ನೂ ಹೇಳಬೇಕು. ಅದರಲ್ಲಿ ಎರಡು ಬಗೆ. ಮೊದಲನೆಯದು..."

ಅಷ್ಟರಲ್ಲಿ ಹೊರಗಿನಿಂದ ಯಾರೋ ಗುರುಗಳನ್ನು ಕರೆದರು. ಅವರು ಎದ್ದು ಬಾಗಿಲವರೆಗೆ ಹೋಗಿ ತಿರುಗಿದರು.

"ಮರಿಸ್ವಾಮಿ, ನಿನ್ನ ಹೆಂಡತಿಯ ಕೈ ಹಿಡಿದು ನೋಡಿ ಎಷ್ಟು ದಿನವಾಯಿತು?"

ಮರಿಸ್ವಾಮಿ ಎದ್ದು ಚಪ್ಪಲಿ ಮೆಟ್ಟಿಕೊಂಡು ಮನೆಯ ಕಡೆ ಬಿರಬಿರನೆ ನಡೆದ.