ಆ ಎರಡನೇ ಸಲ

ಹೊಳೆದಂಡೆಯಲ್ಲೊಂದು ಮಠ. ಯಾವ ಹೊಳೆ ಎಂದು ಕೇಳಿದರೆ ಹೇಳುವವರು ದಿನಕ್ಕೊಂದು ಹೆಸರು ಹೇಳುತ್ತಾರೆ. ನೀರಂತೂ ಇತ್ತು.

ಅಲ್ಲಿ ಚನ್ನಮಲ್ಲಜ್ಜ ತತ್ವಪದ ಕಲಿಸುತ್ತಿದ್ದ. ಪುಸ್ತಕವಿಲ್ಲ, ಹಲಗೆಯಿಲ್ಲ. ಅಜ್ಜ ಒಂದು ಸಾಲನ್ನು ಒಂದು ಸಲ ಹಾಡಬೇಕು, ಶಿಷ್ಯ ಅದನ್ನೇ ಎರಡು ಸಲ ತಿರುಗಿ ಹಾಡಬೇಕು. ಅದು ಮಠದ ರೂಢಿ.

ಶಿಷ್ಯ ನಿರುಪಾದಿಗೆ ಆ ಎರಡನೇ ಸಲವೆಂದರೆ ಮೈಮೇಲೆ ಮುಳ್ಳು. ಒಮ್ಮೆ ಬಂದದ್ದನ್ನು ಮತ್ತೆ ಯಾಕೆ ಅರೆಯಬೇಕು?

ಒಂದು ಮುಂಜಾನೆ ಮೊಬೈಲ್ ತಂದು ಅಜ್ಜನ ಮುಂದಿಟ್ಟ.

“ಅಜ್ಜಾರ, ಇದರಾಗ ಕಲಿಯೋ ಆ್ಯಪ್ ಐತ್ರಿ. ನೀವು ಹಾಡಿದ್ದು ಹಿಡಿದಿಟ್ಟು, ಸಾಲು ಸಾಲು ಬಿಡಿಸಿ ಹೇಳತೈತಿ. ದೂರದ ಊರಿನವರೂ ಕಲೀಬಹುದು.”

“ಅದಕ್ಕ ಉಣ್ಣಾಕ ಏನು ಹಾಕಬೇಕು?”

“ಚಾರ್ಜ್ ಹಾಕಿದ್ರ ಸಾಕ್ರಿ.”

“ಹಂಗಾದ್ರ ನಿನಗಿಂತ ಸೋವಿ ಬಿಡು.”

ಅಜ್ಜ ಹಾಡಿದ, ಮೊಬೈಲ್ ಹಿಡಿದಿಟ್ಟುಕೊಂಡಿತು. ಸುಳ್ಳಲ್ಲ, ಎಷ್ಟೋ ಊರಿನ ಜನ ಕುಂತಲ್ಲೇ ಪದ ಕಲಿತರು. ನಿರುಪಾದಿ ಮಾತ್ರ ತಿರುಗಿ ಹಾಡುವುದನ್ನೇ ಬಿಟ್ಟ. ಎಲ್ಲವೂ ಕಿಸೆಯಲ್ಲಿತ್ತಲ್ಲ.

ಅಜ್ಜ ಬೈಯಲಿಲ್ಲ. ಸಾಲು ಮುಗಿದ ಮೇಲೆ, ಯಾರೋ ಬರಬೇಕಾಗಿದೆಯೇನೋ ಎಂಬಂತೆ ಸ್ವಲ್ಪ ಹೊತ್ತು ಕಾದು ಮುಂದಿನ ಸಾಲಿಗೆ ಹೋಗುತ್ತಿದ್ದ, ಅಷ್ಟೇ.

ಶ್ರಾವಣದಲ್ಲಿ ಅಜ್ಜನಿಗೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಪದಗಳನ್ನೂ ಕರೆದುಕೊಂಡು ಹೋಯಿತು. ತನ್ನ ಗುರು ಕಲಿಸಿದ ಮೊಟ್ಟಮೊದಲ ಪದವನ್ನು ಎತ್ತಿಕೊಂಡವನು ಎರಡನೇ ಸಾಲಿನಲ್ಲೇ ನಿಂತುಬಿಟ್ಟ.

“ನಿರುಪಾದಿ, ಮುಂದಿಂದು ಹೇಳಪಾ.”

ನಿರುಪಾದಿ ಬಾಯಿ ತೆರೆದ. ಬಾಯಲ್ಲಿ ಏನೂ ಇರಲಿಲ್ಲ. ಕಿಸೆಗೆ ಕೈಹಾಕಿ ಗಡಿಬಿಡಿಯಿಂದ ಮೊಬೈಲ್ ಹಚ್ಚಿದ.

ಅಜ್ಜನದೇ ದನಿ, ಜ್ವರಕ್ಕಿಂತ ಮುಂಚಿನ ತುಂಬಿದ ದನಿ, ಹಾಡಿತು. ಮುದುಕ ಶಿಷ್ಯನ ಹಾಗೆ ಕೈಮುಗಿದು ಕೂತು ತಿರುಗಿ ಹಾಡತೊಡಗಿದ. ಒಂದು ಶಬ್ದ ಸಿಗಲಿಲ್ಲ. ಅದನ್ನು ಹುಡುಕುವಷ್ಟರಲ್ಲಿ ಮೊಬೈಲ್ ಮುಂದಿನ ಸಾಲಿಗೆ ಹೋಗಿಯಾಗಿತ್ತು.

“ಈ ಗುರು ಭಾಳ ಅವಸರದವ,” ಅಂದ ಅಜ್ಜ. “ನಾ ತಪ್ಪಿದ್ದೂ ಅವಗ ಕೇಳಸಲಿಲ್ಲ ನೋಡು.”

ನಿರುಪಾದಿ ಮೊಬೈಲ್ ನಿಲ್ಲಿಸಿದ. ತಲೆ ಎತ್ತಲಾಗಲಿಲ್ಲ.

“ತಪ್ಪಾತ್ರಿ ಅಜ್ಜಾರ. ಒಂದು ಸಲ ಹಾಡಿದ್ರ ನನಗ ಬರತಿತ್ತು. ಎರಡನೇ ಸಲ ಯಾಕ ಅಂತ ಕೇಳಲೇ ಇಲ್ಲ ನಾನು.”

ಅಜ್ಜ ಅವನ ತಲೆಯ ಮೇಲೆ ಕೈಯಿಟ್ಟ.

“ಮೊದಲನೇ ಸಲ ನೀ ಕಲೀಲಿ ಅಂತ. ಎರಡನೇ ಸಲ ನಾ ಮರೀಬಾರದು ಅಂತ.”