ಎತ್ತಿಕೊಟ್ಟ ಸಾಲು

ಯೋಬಪ್ಪ ಮಾಸ್ತರರನ್ನು ಏನಾದರೂ ಕೇಳಿದರೆ ಅವರು ಮೊದಲು ಚಹಾ ಕುಡಿಯುತ್ತಿದ್ದರು. ಚಹಾ ಮುಗಿದ ಮೇಲೂ ಉತ್ತರ ಬಂದೀತೆಂಬ ಖಾತ್ರಿ ಇರಲಿಲ್ಲ.

ಹೊಳೆದಂಡೆಯ ಸಣ್ಣ ಚರ್ಚಿನಲ್ಲಿ ಅವರು ಹಾರ್ಮೋನಿಯಂ ನುಡಿಸುತ್ತಿದ್ದರು, ಹಾಡು ಕಲಿಸುತ್ತಿದ್ದರು. ಸಲೋಮಿ ಅವರ ಶಿಷ್ಯೆ.

ಆ ಸಭೆಯಲ್ಲಿ ಯಾರ ಕೈಯಲ್ಲೂ ಹಾಡಿನ ಪುಸ್ತಕ ಇರುತ್ತಿರಲಿಲ್ಲ. ಒಬ್ಬರು ಸಾಲು ಎತ್ತಿಕೊಡಬೇಕು, ಉಳಿದವರು ಅದನ್ನೇ ತಿರುಗಿ ಹಾಡಬೇಕು. ಎತ್ತಿಕೊಟ್ಟ ಸಾಲು ಪೂರ್ತಿ ಮುಗಿಯುವ ತನಕ ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಹಾಕಿದರೆ ಹಿರಿಯರ ಕಣ್ಣು ಕೆಂಪಾಗುತ್ತಿತ್ತು.

ಯೇಸು ಸಮಾಧಿಯಿಂದ ಎದ್ದುಬಂದ ದಿನವೆಂದು, ಈಸ್ಟರ್ ಹಬ್ಬದ ನಸುಕಿನಲ್ಲಿ ಎಲ್ಲರೂ ಸಮಾಧಿಗಳ ನಡುವೆ ನಿಂತು ಹಾಡುವುದು ಅಲ್ಲಿನ ರೂಢಿ. ಈ ಸಲ ಸಾಲು ಎತ್ತಿಕೊಡುವ ಸರದಿ ಸಲೋಮಿಯದು.

ಹಬ್ಬದ ಹಿಂದಿನ ದಿನ ಅವಳು ಗುರುವಿನ ಮುಂದೆ ಕೂತಳು.

“ಸರ, ನಾಳೆ ಶ್ರುತಿ ತಗ್ಗಸ್ರಿ.”

“ಯಾಕ?”

“ಎದ್ದನು ಅನ್ನೋ ಮಾತಿಗೆ ಬಂದ ಕೂಡ್ಲೆ ದನಿ ಒಡೀತೈತ್ರಿ. ಕೇಳ್ರಿ ಬೇಕಾದ್ರ.”

ಹಾಡಿ ತೋರಿಸಿದಳು. ನಿಜವೇ. ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರದ ಸ್ವರ ಅದು, ಅಲ್ಲಿಗೆ ಬಂದಾಗ ಅವಳ ದನಿ ಸೀಳಿಹೋಯಿತು.

ಹೋದ ಮಳೆಗಾಲದಲ್ಲಿ ಅವಳ ಅಣ್ಣ ಪ್ರಸನ್ನನನ್ನು ಆ ಸಮಾಧಿಗಳ ನಡುವೆಯೇ ಮಣ್ಣು ಮಾಡಿದ್ದರು. ಅವತ್ತಿನಿಂದ ತಾಯಿ ತಬಿತಮ್ಮ ಚರ್ಚಿಗೆ ಬರುತ್ತಾಳೆ, ನಿಲ್ಲುತ್ತಾಳೆ, ಹೋಗುತ್ತಾಳೆ. ಬಾಯಿ ಮಾತ್ರ ತೆರೆಯುವುದಿಲ್ಲ. ಒಂದು ಕಾಲಕ್ಕೆ ಅವಳ ಹಾಡು ಹೊಳೆಯ ಆಚೆ ದಂಡೆಗೂ ಕೇಳುತ್ತಿತ್ತು.

“ಅವ್ವ ಪ್ರಾರ್ಥನಿ ಬಿಟ್ಟಾಳ್ರಿ,” ಎಂದಳು ಸಲೋಮಿ. “‘ದೇವರ ಕೂಡ ಇನ್ನೇನ್ ಮಾತಾಡ್ಲಿ’ ಅಂತಾಳ. ನಾಳೆ ಅಣ್ಣನ ಸಮಾಧಿ ಮುಂದ ನನ್ನ ದನಿ ಒಡದ್ರ ಆಕಿ ಅಲ್ಲೇ ಕುಸೀತಾಳ. ನಾನರ ಗಟ್ಟಿ ಇರಬೇಕು. ಒಂದು ತಪ್ಪೂ ಆಗಬಾರದು.”

“ಹಾಡು ಅಂದ್ರ ಏನು?”

“ಪ್ರಾರ್ಥನಿ. ನೀವ ಕಲಸೀರಿ.”

“ಪ್ರಾರ್ಥನಿ ಮಾಡಾಕ ಹೊಂಟಾಕಿ ಗಟ್ಟಿ ಇರಬೇಕಂತ ಯಾರು ಕಲಿಸಿದ್ರು?”

ಸಲೋಮಿಗೆ ರೇಗಿತು. “ಒಗಟ ಬ್ಯಾಡ್ರಿ ಸರ. ಶ್ರುತಿ ತಗ್ಗಸ್ತೀರೋ ಇಲ್ಲೋ?”

“ಚಹಾ ಆರಾಕತ್ತೈತಿ,” ಎಂದರು ಮಾಸ್ತರರು.

ಅದನ್ನು ಅವಳು ಒಪ್ಪಿಗೆ ಎಂದುಕೊಂಡಳು. ತಪ್ಪು ಅವಳದೇ. ಅವರ ಹತ್ತಿರ ಅಷ್ಟು ವರ್ಷ ಕಲಿತವಳಿಗೆ, ಅವರು ಚಹಾ ಅಂದರೆ ಚಹಾ ಅಷ್ಟೇ ಎಂದು ತಿಳಿದಿರಬೇಕಿತ್ತು.

ಮರುದಿನ ನಸುಕಿನಲ್ಲಿ ಸಮಾಧಿಗಳ ಮೇಲೆ ಮೇಣದಬತ್ತಿಗಳು ಉರಿಯುತ್ತಿದ್ದವು. ಪ್ರಸನ್ನನ ಸಮಾಧಿಯ ಪಕ್ಕ ತಬಿತಮ್ಮ ಸೆರಗು ಹೊದ್ದು ನಿಂತಿದ್ದಳು.

ಹೊತ್ತು ತಂದ ಹಾರ್ಮೋನಿಯಂ ಮುಂದೆ ಕೂತು ಮಾಸ್ತರರು ಶ್ರುತಿ ಹಿಡಿದರು. ಹಳೆಯ ಶ್ರುತಿಯೇ. ಒಂದು ಸ್ವರವೂ ಕೆಳಗಿಲ್ಲ.

ಸಲೋಮಿ ಗಕ್ಕನೆ ಅವರತ್ತ ತಿರುಗಿದಳು. ಅವರು ಕಣ್ಣು ಮುಚ್ಚಿಕೊಂಡಿದ್ದರು.

ಬೇರೆ ದಾರಿ ಇರಲಿಲ್ಲ. ಹಾಡಿದಳು.

“ಕಲ್ಲು ಸರಿಯಿತು, ಬೆಳಕು ಹರಿಯಿತು, ಎದ್ದನು...”

ದನಿ ಒಡೆಯಿತು. ಸಾಲಿನ ಕೊನೆಯ ಎರಡು ಮಾತು ಹಾಗೇ ಉಳಿದವು.

ಮಾಸ್ತರರು ಹಾರ್ಮೋನಿಯಂನಿಂದ ಕೈ ತೆಗೆದರು. ನುಡಿಸಿರಿ ಎಂದು ಹಿರಿಯರೊಬ್ಬರು ಸನ್ನೆ ಮಾಡಿದರು. ಮಾಸ್ತರರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಸಾಲು ಮುಗಿದಿರಲಿಲ್ಲ, ಹಾಗಾಗಿ ಸಭೆ ಹಾಡುವಂತಿರಲಿಲ್ಲ. ಎಲ್ಲ ಹಾಳಾಯಿತು ಎಂದುಕೊಂಡು ಸಲೋಮಿ ನೆಲ ನೋಡುತ್ತ ನಿಂತಳು.

“ಯೇಸು ಎದ್ದನು.”

ಒರಟು ದನಿ, ಬಹಳ ದಿನ ತೆರೆಯದ ಬಾಗಿಲಿನ ಹಾಗೆ. ಹಾಡಿದವಳು ತಬಿತಮ್ಮ. ಅವಳು ಸಮಾಧಿಯನ್ನು ನೋಡುತ್ತಿರಲಿಲ್ಲ, ಮಗಳನ್ನು ನೋಡುತ್ತಿದ್ದಳು. ಮಗು ಮುಗ್ಗರಿಸಿದಾಗ ಯಾವ ತಾಯಿ ಪದ್ಧತಿ ನೋಡಿಕೊಂಡು ಓಡುತ್ತಾಳೆ?

“ಯೇಸು ಎದ್ದನು!” ಮತ್ತೆ ಹಾಡಿದಳು. ಈ ಸಲ ದನಿ ದಾರಿಗೆ ಬಂದಿತ್ತು. ಕಣ್ಣೀರು ಧಾರಾಕಾರ ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲಿಲ್ಲ. ಒಂದು ಕೈ ಮಗನ ಶಿಲುಬೆಯನ್ನು ಹಿಡಿದಿತ್ತು, ಇನ್ನೊಂದು ಮಗಳ ಕಡೆ ಚಾಚಿತ್ತು.

ಆಮೇಲೆ ಸಭೆಯನ್ನು ತಡೆಯುವವರು ಯಾರು? ಸನ್ನೆ ಮಾಡಿದ್ದ ಹಿರಿಯರೇ ಎಲ್ಲರಿಗಿಂತ ಜೋರಾಗಿ ಹಾಡಿದರು, ಅದೂ ತಾಳ ತಪ್ಪಿ. ಮಾಸ್ತರರ ಹಾರ್ಮೋನಿಯಂ ಓಡೋಡಿ ಬಂದು ಸೇರಿಕೊಂಡಿತು. ಸಲೋಮಿ ತಾಯಿಯ ಕೈ ಹಿಡಿದಳು. ಅವಳ ದನಿಯೂ ಬಂತು. ಒಡೆದುಕೊಂಡೇ ಬಂತು, ಆದರೂ ಮೇಲಕ್ಕೇ ಹೋಯಿತು.

ಆಚೆ ದಂಡೆಯಲ್ಲಿ ಬಲೆ ಎಳೆಯುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು. ಸೂರ್ಯ ಮೇಲೆ ಬಂದರೂ ಅದೇ ಒಂದು ಸಾಲು ಇನ್ನೂ ನಡೆದಿತ್ತು. ಎರಡನೆಯ ಸಾಲಿನ ನೆನಪು ಯಾರಿಗೂ ಇರಲಿಲ್ಲ. ಅಷ್ಟೊಂದು ಸಂತೋಷ ಆ ನೆಲದಲ್ಲಿ ಹಿಂದೆಂದೂ ಆಗಿರಲಿಲ್ಲ.

ಎಲ್ಲ ಮುಗಿದ ಮೇಲೆ ಸಲೋಮಿ, ಚಹಾದ ಬಸಿ ಹಿಡಿದು ಕೂತಿದ್ದ ಮಾಸ್ತರರ ಮುಂದೆ ಬಂದು ನಿಂತಳು. ಕಣ್ಣು ಊದಿದ್ದವು, ಮುಖದ ತುಂಬ ನಗು.

“ದನಿ ಒಡೀತೈತಿ ಅಂತ ನಿಮಗ ಗೊತ್ತಿತ್ತು.”

“ಗೊತ್ತಿತ್ತು.”

“ಅವ್ವ ಹಾಡ್ತಾಳ ಅಂತನೂ ಗೊತ್ತಿತ್ತೇನ್ರಿ?”

“ಇಲ್ಲ.”

“ಮತ್ತ ಶ್ರುತಿ ಯಾಕ ತಗ್ಗಸ್ಲಿಲ್ಲ?”

ಮಾಸ್ತರರು ಚಹಾ ಪೂರ್ತಿ ಕುಡಿದು ಬಸಿಯನ್ನು ಕೆಳಗಿಟ್ಟರು.

“ತಗ್ಗಿಸಿದ್ರ ಆ ಸಾಲು ನೀ ಒಬ್ಬಾಕಿನ ಹಾಡಿ ಮುಗಸ್ತಿದ್ದಿ.”